ನೀರಿಗಿಂತ ಮೊದಲೇ ಖಾಲಿಯಾಗುವ ಓಣಿಗಳು: ಬಾಗಲಕೋಟೆ ಮತ್ತು 524 ಮೀಟರ್

ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಬೇಕು ಅನ್ನುವ ಮಾತು ಹಳೆಯದು. ಅದಕ್ಕೆ ಬೇಕಾದ ಜಮೀನಿಗೆ ಎಷ್ಟು ಪರಿಹಾರ ಅನ್ನುವುದನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ಸುಮಾರು 75 ಸಾವಿರ ಎಕರೆ ನೀರಿನ ಕೆಳಗೆ ಹೋಗುತ್ತದೆ. ಜೊತೆಗೆ 20 ಹಳ್ಳಿಗಳು ಮತ್ತು ಬಾಗಲಕೋಟೆ ಪಟ್ಟಣದ ಕೆಲವು ವಾರ್ಡ್‌ಗಳು.

ಸುದ್ದಿಯಲ್ಲಿ ಎಕರೆ ಮತ್ತು ಕೋಟಿಗಳದ್ದೇ ಮಾತು ಜಾಸ್ತಿಯಾಯಿತು. ಅದು ಸಹಜವೇ, ರೈತರಿಗೆ ಅದು ಬದುಕಿನ ಪ್ರಶ್ನೆ. ಆದರೆ ಕೊನೆಯಲ್ಲಿ ಬಂದ ಆ 'ಪಟ್ಟಣದ ಕೆಲವು ವಾರ್ಡ್‌ಗಳು' ಅನ್ನುವ ಮಾತಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಾಗಲಕೋಟೆ ಈಗಾಗಲೇ ಒಮ್ಮೆ ಮುಳುಗಿದೆ, ಒಮ್ಮೆ ಎದ್ದು ಬೇರೆ ಕಡೆ ಹೋಗಿ ಕೂತಿದೆ. ಒಂದು ಊರನ್ನು ಎತ್ತಿ ಬೇರೆ ಕಡೆ ಇಟ್ಟರೆ 'ನಮ್ಮೂರು' ಅನ್ನುವ ಭಾವಕ್ಕೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಎರಡು ತಲೆಮಾರಿನ ಅನುಭವ ಅಲ್ಲೇ ಇದೆ. ಮುಂದಿನ ಹಂತ ಶುರುವಾಗುವ ಮೊದಲು ಅದನ್ನು ಓದಿಕೊಳ್ಳಬೇಕು.

ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯಲ್ಲಿ. ಅಣೆಕಟ್ಟು ಇರುವುದು ಕೃಷ್ಣೆಗೆ, ದೂರದ ಆಲಮಟ್ಟಿಯಲ್ಲಿ. ಚಿಕ್ಕಸಂಗಮದ ಹತ್ತಿರ ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಕೆಳಗೆ ಕೃಷ್ಣೆಯನ್ನು ತಡೆದರೆ ನೀರು ಘಟಪ್ರಭೆಯಲ್ಲೂ ಹಿಂದಕ್ಕೆ ಏರುತ್ತಾ ಬಂದು ಪಟ್ಟಣವನ್ನು ಮುಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ದೂರದ ಗೋಡೆಯೊಂದು ತಮ್ಮ ಮನೆಯನ್ನು ಮುಳುಗಿಸುತ್ತದೆ ಅಂತ ನಂಬುವುದೇ ಮೊದಮೊದಲು ಜನರಿಗೆ ಕಷ್ಟವಾಗಿರಬೇಕು.

ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ. ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವೆ ನಲವತ್ತೆರಡು ವರ್ಷ. ಅಡಿಗಲ್ಲಿನ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಮದುವೆಯಾಗಿ ಮಕ್ಕಳನ್ನು ಕಾಲೇಜಿಗೆ ಕಳಿಸುವಷ್ಟು ದೊಡ್ಡದಾಗಿತ್ತು. ಆ ಇಡೀ ಕಾಲ ಊರು 'ಮುಳುಗಡೆ ಊರು' ಅಂತಲೇ ಹೆಸರು ಹೊತ್ತು ಬದುಕಿತು. ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪು, ಆಂಧ್ರದ ಜೊತೆ ಎತ್ತರದ ಜಗಳ, 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಎತ್ತರ ಸದ್ಯಕ್ಕೆ 519.6 ಮೀಟರ್‌ಗೆ ನಿಂತಿತು. ಆಮೇಲೆ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಒಪ್ಪಿತು, 2013ರಲ್ಲಿ ಅದನ್ನು ಮತ್ತೆ ಎತ್ತಿಹಿಡಿಯಿತು. ಆದರೆ ಆ ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ ಸುಪ್ರೀಂ ಕೋರ್ಟ್ 2011ರಲ್ಲೇ ತಡೆದಿತ್ತು. ಅತ್ತ ಮಹಾರಾಷ್ಟ್ರ ಸಾಂಗ್ಲಿ, ಕೊಲ್ಹಾಪುರದ ಪ್ರವಾಹದ ಕಾರಣ ಹೇಳಿ ಎತ್ತರಿಸುವುದನ್ನು ವಿರೋಧಿಸುತ್ತಿದೆ.

ಇದನ್ನೆಲ್ಲ ನೀರಾವರಿಯ ಇತಿಹಾಸ ಅಂತ ಓದಿ ಬಿಡುತ್ತೇವೆ. ಹಳೇ ಬಾಗಲಕೋಟೆಯ ಮನೆಯೊಂದರ ಪಡಸಾಲೆಯಲ್ಲಿ ಕೂತು ಓದಿದರೆ ಇದರ ಅರ್ಥ ಬೇರೆ. ಮನೆ ಹೋಗುತ್ತದೆ ಅಂತ ಗೊತ್ತು, ಯಾವಾಗ ಅಂತ ಗೊತ್ತಿಲ್ಲ. ಹಾಗಿದ್ದಾಗ ಮಾಳಿಗೆ ಸೋರಿದರೆ ರಿಪೇರಿ ಮಾಡಿಸಬೇಕಾ? ಮಗನ ಮದುವೆಗೆ ಮುಂಚೆ ಇನ್ನೊಂದು ಖೋಲಿ ಕಟ್ಟಬೇಕಾ? ಅಂಗಡಿಗೆ ಹೊಸ ಶಟರ್ ಹಾಕಿಸಬೇಕಾ? ಇವೆಲ್ಲ ಸಣ್ಣ ಸಣ್ಣ ನಿರ್ಧಾರಗಳು. ಆದರೆ ಊರು ಅನ್ನುವುದು ಇಂಥ ಸಾವಿರ ಸಣ್ಣ ನಿರ್ಧಾರಗಳಿಂದಲೇ ನಿಂತಿರುತ್ತದೆ. ಎಲ್ಲರೂ 'ನೋಡೋಣ, ಮೊದಲು ಪರಿಹಾರ ಬರಲಿ' ಅಂದಾಗ ಗೋಡೆ ಬಿರುಕು ಬಿಡುತ್ತದೆ. ಹಣ ಇರುವವರು ಮೊದಲೇ ಹೊರಗೆ ಜಾಗ ನೋಡಿಕೊಳ್ಳುತ್ತಾರೆ. ಬಾಡಿಗೆಯವರು ಬರುವುದು ನಿಲ್ಲುತ್ತದೆ. ಓಣಿಯ ಕಟ್ಟೆಯ ಮೇಲೆ ಕೂಡುವವರು ಕಡಿಮೆಯಾಗುತ್ತಾರೆ. ನೀರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಓಣಿ ತನ್ನ ಜೀವ ಕಳೆದುಕೊಳ್ಳುತ್ತದೆ.

ಊರಿನ ಭಾವವನ್ನು ಕೊಲ್ಲುವುದರಲ್ಲಿ ನೀರಿನ ಪಾಲಿಗಿಂತ ಕಾಯುವಿಕೆಯ ಪಾಲೇ ದೊಡ್ಡದು ಅಂತ ನನಗೆ ಅನ್ನಿಸುವುದು ಇದಕ್ಕೇ. ಪರಿಹಾರದ ಲೆಕ್ಕದಲ್ಲಿ ಮುಳುಗಿದ ಗೋಡೆಗೆ ಬೆಲೆ ಇದೆ. ಮುಳುಗುತ್ತೇನೋ ಇಲ್ಲವೋ ಅಂತ ಕಾದ ಮೂವತ್ತು ವರ್ಷಕ್ಕೆ ಬೆಲೆ ಇಲ್ಲ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಮುಳುಗಡೆಯನ್ನು ಅಳೆಯುವುದು ಸಮುದ್ರ ಮಟ್ಟದಿಂದ ಇರುವ ಎತ್ತರದಲ್ಲಿ. ನೀರು ನಿಲ್ಲುವುದು 519.6ಕ್ಕೆ ಆದರೂ ಪ್ರವಾಹದ ಕಾಲದ ಏರಿಕೆಯನ್ನು ಸೇರಿಸಿಕೊಂಡು ಅದಕ್ಕಿಂತ ಮೇಲಿನವರೆಗೂ ಮನೆಗಳನ್ನು ಸ್ವಾಧೀನ ಮಾಡಿಕೊಳ್ಳುತ್ತಾರೆ. ಹೀಗಾಗಿ ಬಾಗಲಕೋಟೆಯ ಜನರ ಮಾತಿನಲ್ಲಿ 521, 523, 525 ಅನ್ನುವ ಅಂಕಿಗಳು ಸಲೀಸಾಗಿ ಬರುತ್ತವೆ. ತಮ್ಮ ಮನೆ ಎಷ್ಟು ಮೀಟರ್‌ನಲ್ಲಿದೆ ಅಂತ ಅಲ್ಲಿ ತುಂಬಾ ಜನರಿಗೆ ಗೊತ್ತು. ಬೇರೆ ಯಾವ ಊರಿನಲ್ಲಿ ಜನ ತಮ್ಮ ಮನೆಯ ವಿಳಾಸವನ್ನು ಹೀಗೆ ಹೇಳುತ್ತಾರೆ?

ನೆಲದ ಎತ್ತರದ ಗೆರೆಗೆ ಓಣಿ ಗೊತ್ತಿಲ್ಲ. ಇಳಿಜಾರಿನಲ್ಲಿರುವ ಒಂದು ಓಣಿಯಲ್ಲಿ ನದಿ ಕಡೆಯ ಮನೆಗಳು ಗೆರೆಯ ಕೆಳಗೆ ಬೀಳುತ್ತವೆ, ಮೇಲಿನ ಮನೆಗಳು ಉಳಿಯುತ್ತವೆ. ಕೆಳಗಿನವರು ಮೊದಲ ಹಂತದಲ್ಲಿ ಹೊರಡುತ್ತಾರೆ, ಅವರಿಗೆ ಸಂತ್ರಸ್ತರಿಗಾಗಿ ಕಟ್ಟಿದ ಹೊಸ ಊರಾದ ನವನಗರದ ಒಂದು ಭಾಗದಲ್ಲಿ ನಿವೇಶನ. ಮೇಲಿನವರು ಹತ್ತಾರು ವರ್ಷ ಬಿಟ್ಟು ಹೊರಡಬೇಕು, ಅಷ್ಟರಲ್ಲಿ ಆ ಭಾಗ ತುಂಬಿರುತ್ತದೆ, ಅವರಿಗೆ ಬೇರೆ ಯುನಿಟ್. ಒಂದೇ ಬಾವಿಯ ನೀರು ಸೇದಿದವರು, ಒಬ್ಬರ ಮನೆಯ ಬಾಣಂತನಕ್ಕೆ ಇನ್ನೊಬ್ಬರು ಓಡಿ ಬಂದವರು ಈಗ ಆಟೋ ಹಿಡಿದು ಭೇಟಿಯಾಗಬೇಕಾದ ದೂರದಲ್ಲಿರುತ್ತಾರೆ. ಯಾರೂ ಬೇಕಂತ ಮಾಡಿದ್ದಲ್ಲ. ಎಂಜಿನಿಯರ್ ನಕ್ಷೆಯ ಮೇಲೆ ಸರಿಯಾಗಿಯೇ ಗೆರೆ ಎಳೆದಿರುತ್ತಾನೆ. ಆದರೆ ಅದೇ ಗೆರೆ, ಸೀರೆಯನ್ನು ಅಡ್ಡಕ್ಕೆ ಸೀಳಿದ ಹಾಗೆ, ನೆರೆಹೊರೆಯ ಒಂದೊಂದು ಎಳೆಯನ್ನೂ ನಡುವೆ ಕತ್ತರಿಸಿ ಹೋಗುತ್ತದೆ.

ಹಾಗಂತ ನವನಗರವನ್ನು ಸುಮ್ನೆ ಬೈಯುವುದು ನ್ಯಾಯವಲ್ಲ. ಹಳೆಯ ಪಟ್ಟಣದಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಎದ್ದ ಈ ಊರಿನ ಯೋಜನೆಯಲ್ಲಿ ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿಯ ಕೈ ಇತ್ತು. ಕೆಲಸ ನೋಡಿಕೊಳ್ಳಲು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಅಂತ ಪ್ರತ್ಯೇಕ ಸಂಸ್ಥೆಯನ್ನೇ ಕಾನೂನಿನ ಮೂಲಕ ಕಟ್ಟಲಾಯಿತು. ಅಗಲವಾದ ರಸ್ತೆ, ಚರಂಡಿ, ಶಾಲೆಗೆ ಜಾಗ, ಮೈದಾನ, ಗಿಡಮರ. ನಮ್ಮ ನಾಡಿನಲ್ಲಿ ಮುಳುಗಡೆಯಾದ ಬೇರೆ ಊರುಗಳಿಗೆ ಸಿಕ್ಕಿದ್ದಕ್ಕೆ ಹೋಲಿಸಿದರೆ ಇದು ತುಂಬಾ ಒಳ್ಳೆಯದು. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾದಾಗ ಜಿಲ್ಲಾಡಳಿತ, ಆಸ್ಪತ್ರೆ, ದೊಡ್ಡ ಕಚೇರಿಗಳೆಲ್ಲ ನವನಗರಕ್ಕೆ ಬಂದವು. ಸಂತ್ರಸ್ತರಿಗಾಗಿ ಕಟ್ಟಿದ ಊರು ಜಿಲ್ಲಾ ಕೇಂದ್ರವೂ ಆಯಿತು. ಬೇರೆ ಬೇರೆ ಊರಿನ ನೌಕರರು ಬಂದು ಮನೆ ಮಾಡಿದರು. ಈಗ ಅಲ್ಲಿನ ಜನರಲ್ಲಿ ಎಷ್ಟೋ ಮಂದಿಗೆ ಹಳೇ ಬಾಗಲಕೋಟೆ ಅಂದರೆ ಬಟ್ಟೆ, ಬಂಗಾರ ತರಲು ಹೋಗುವ ಮಾರ್ಕೆಟ್ ಅಷ್ಟೇ.

ಅಲ್ಲೇ ಹುಟ್ಟಿ ಬೆಳೆದ ಹುಡುಗ ಹುಡುಗಿಯರ ಮಾತು ಕೇಳಬೇಕು. ಅವರಿಗೆ ಊರು ಅಂದರೆ ಸೆಕ್ಟರ್ ನಂಬರ್. ಆ ನಂಬರ್ ದೊಡ್ಡವರಿಗೆ ಒಣ ಅಂಕಿ. ಈ ಮಕ್ಕಳಿಗೆ ಅದು ಕ್ರಿಕೆಟ್ ಆಡಿದ ಖಾಲಿ ಸೈಟು, ಟ್ಯೂಷನ್‌ಗೆ ಸೈಕಲ್ ತುಳಿದ ದಾರಿ, ಮೊದಲ ಗೆಳೆತನ. 'ನವನಗರಕ್ಕೆ ಜೀವ ಇಲ್ಲ' ಅಂತ ಹಿರಿಯರು ಹೇಳಿದಾಗ ಈ ಮಕ್ಕಳಿಗೆ ನೋವಾಗುತ್ತದೆ, ಮತ್ತು ಅದು ಸರಿಯಾದ ನೋವು. ಒಂದು ಜಾಗ ಊರಾಗಲು ಒಂದು ತಲೆಮಾರಿನ ಬಾಲ್ಯ ಸಾಕು. ಅಪ್ಪನ ಊರು ಮತ್ತು ಮಗಳ ಊರು ನಾಲ್ಕೈದು ಕಿಲೋಮೀಟರ್ ಅಂತರದಲ್ಲಿ, ಒಂದೇ ಹೆಸರಿನಲ್ಲಿ ಇರುವುದು ಬಾಗಲಕೋಟೆಯ ವಿಶೇಷ.

ಹಳೆಯ ಊರಿನ ನೆನಪಿನಲ್ಲಿ ಇನ್ನೊಂದು ವಿಷಯ ಮರೆಯಬಾರದು. ಆ ಓಣಿಗಳು ಜಾತಿಯ ಲೆಕ್ಕದಲ್ಲೂ ಹಂಚಿದ್ದವು. ಕಟ್ಟೆಯ ಮೇಲೆ ಕೂತವರಿಗೆ ಸಿಹಿಯಾದ ನೆನಪು, ಆ ಕಟ್ಟೆ ಹತ್ತಲಾಗದವರಿಗೆ ಹಾಗಿರಲಿಲ್ಲ. ಕೇರಿಯಲ್ಲಿದ್ದ ಕುಟುಂಬಕ್ಕೆ ಸ್ವಂತ ಹೆಸರಿನಲ್ಲಿ ಹಕ್ಕುಪತ್ರ, ಮನೆ ಮುಂದೆ ಎಲ್ಲರ ಮನೆ ಮುಂದಿನಷ್ಟೇ ಅಗಲದ ರಸ್ತೆ, ಒಳಗೆ ನಲ್ಲಿ ಸಿಕ್ಕಿದ್ದರೆ ಅದು ಕಳೆದುಕೊಂಡದ್ದಲ್ಲ, ಪಡೆದದ್ದು. ಹೆಣ್ಣುಮಕ್ಕಳ ಲೆಕ್ಕ ಮಾತ್ರ ಎರಡೂ ಕಡೆ ತೂಗುತ್ತದೆ. ನೀರು ಹೊರುವ ಕಷ್ಟ ತಪ್ಪಿತು, ಆದರೆ ಹೊಸ ಮನೆಗೆ ಕಾಂಪೌಂಡ್ ಬಂತು. ಹಳೆಯ ಮನೆಯ ಕಟ್ಟೆಯಲ್ಲಿ ಕೂತು ಸಂಜೆ ಜೋಳ ಹಸನು ಮಾಡುತ್ತಾ ನಡೆಯುತ್ತಿದ್ದ ಮಾತು ಕಾಂಪೌಂಡಿನೊಳಗೆ ಬರಲಿಲ್ಲ. ವಯಸ್ಸಾದವರಿಗೆ ಪೆಟ್ಟು ಇನ್ನೂ ಜಾಸ್ತಿ. ಹಳೆಯ ಪಟ್ಟಣದಲ್ಲಿ ಗುಡಿ, ಕಾಯಿಪಲ್ಯದ ಸಂತೆ, ಡಾಕ್ಟರು, ಗೆಳೆಯನ ಅಂಗಡಿ ಎಲ್ಲ ಕಾಲ್ನಡಿಗೆಯ ದೂರ. ನವನಗರದ ಅಗಲ ರಸ್ತೆಗಳು ಬೈಕ್ ಇರುವವರಿಗೆ ಅನುಕೂಲ.

ಹೀಗಿದ್ದೂ ಊರು ಪೂರ್ತಿ ಚೂರಾಗಲಿಲ್ಲ. ಅದಕ್ಕೆ ದೊಡ್ಡ ಕಾರಣ ಹೋಳಿ. ಬಾಗಲಕೋಟೆಯ ಹೋಳಿ ಎಷ್ಟು ದೊಡ್ಡದು ಅಂತ ಈ ಭಾಗದವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಿದರೂ ನಂಬುವುದಿಲ್ಲ. ದಿನಗಟ್ಟಲೆ ಹಲಗೆ ಬಡಿತ, ಸೋಗಿನ ಬಂಡಿ, ಬಂಡಿಗಳ ಮೇಲೆ ಬ್ಯಾರಲ್‌ಗಟ್ಟಲೆ ಬಣ್ಣದ ನೀರು. ಇದು ಯಾವುದೋ ಸಮಿತಿ ಮಾಡುವ ಹಬ್ಬ ಅಲ್ಲ, ಓಣಿಗಳು ಮಾಡುವ ಹಬ್ಬ. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಅಂತ ಓಣಿಗಳಿಗೆ ಹಲಗೆ ಮೇಳದಲ್ಲಿ, ಬಂಡಿಯಲ್ಲಿ, ಬಣ್ಣದ ದಿನದಲ್ಲಿ ಅವುಗಳದೇ ಪಾಳಿ, ಅವುಗಳದೇ ಹಠ. ನವನಗರಕ್ಕೆ ಹೋದ ಕುಟುಂಬದ ಹುಡುಗ ಹೋಳಿಯಲ್ಲಿ ಸೆಕ್ಟರ್ ಹೆಸರಿನಲ್ಲಿ ಹಲಗೆ ಹಿಡಿಯುವುದಿಲ್ಲ. ಅಜ್ಜನ ಓಣಿಯ ಹೆಸರಿನಲ್ಲಿ ಹಿಡಿಯುತ್ತಾನೆ. ಬೆಂಗಳೂರು, ಪುಣೆಯಲ್ಲಿ ಕೆಲಸದಲ್ಲಿರುವವರು, ಗೋವಾ, ಮಂಗಳೂರಿಗೆ ದುಡಿಯಲು ಹೋದವರು ಈ ದಿನಗಳಿಗೆ ಬಂದಾಗ ಕಾಲು ಮೊದಲು ಹೋಗುವುದು ಹಳೆಯ ಊರಿನ ವಲ್ಲಭಭಾಯಿ ಚೌಕದ ಕಡೆಗೇ. ಬಣ್ಣದಾಟ ವಿದ್ಯಾಗಿರಿ, ನವನಗರಕ್ಕೂ ಹಬ್ಬಿದೆ, ಅದು ಸಂತೋಷವೇ. ಆದರೆ ಹಬ್ಬದ ಬೇರು ಇನ್ನೂ ಹಳೆಯ ಓಣಿಗಳಲ್ಲಿದೆ.

ಇದರಿಂದ ಗೊತ್ತಾಗುವುದೇನು? ಮನೆ ಹೋದರೂ ಓಣಿಯ ಹೆಸರಿಗೆ ಕೆಲಸ ಇದ್ದರೆ, ಅಂದರೆ ವರ್ಷಕ್ಕೊಮ್ಮೆಯಾದರೂ ಆ ಹೆಸರಿನಲ್ಲಿ ಕೂಡಿ ಮಾಡಲೇಬೇಕಾದ ಏನಾದರೂ ಇದ್ದರೆ, ಊರಿನ ಭಾವ ಉಳಿಯುತ್ತದೆ. ಬರೀ ನೆನಪಿನಿಂದ ಅದು ಉಳಿಯುವುದಿಲ್ಲ. ಈಗಿನ ಅಪಾಯ ಇಲ್ಲೇ ಇದೆ. 524ರ ಹಂತದಲ್ಲಿ ಹೋಗಬೇಕಾದದ್ದು ಈವರೆಗೆ ಉಳಿದುಕೊಂಡಿದ್ದ ಹಳೆಯ ಪಟ್ಟಣದ ಭಾಗಗಳು. ಮೊದಲ ಹಂತದಲ್ಲಿ ಹೋದವರಿಗೆ ವಾಪಸು ಬಂದು ಕೂಡಲು ಒಂದು ಜಾಗ ಉಳಿದಿತ್ತು. ಈ ಸಲ ಹೋಗುತ್ತಿರುವುದು ಆ ಜಾಗದ ಪಾಲೇ.

ಹತ್ತಿರದಲ್ಲೇ ಇನ್ನೊಂದು ಉದಾಹರಣೆ ಇದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿಗೆ ಸಿಗುತ್ತದೆ ಅಂದಾಗ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಮಾಡಬೇಕಾದ ಕೆಲಸವೇ ಅದು. ಉಳಿಸಲೇಬೇಕು ಅಂತ ತೀರ್ಮಾನಿಸಿದರೆ ಎಂಜಿನಿಯರಿಂಗ್‌ಗೆ ದಾರಿ ಸಿಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಓಣಿಯ ಸುತ್ತ ಗೋಡೆ ಕಟ್ಟಲಾಗುವುದಿಲ್ಲ, ನಿಜ. ಆದರೆ ಓಣಿಯನ್ನು ಉಳಿಸಬೇಕಾದ ವಸ್ತು ಅಂತ ಲೆಕ್ಕಕ್ಕಾದರೂ ತೆಗೆದುಕೊಳ್ಳಬಹುದಲ್ವಾ?

ಶರಾವತಿಯ ಕಥೆ ಬೇರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿನ ಸಂತ್ರಸ್ತರಿಗೆ ನವನಗರದಂಥ ಯೋಜಿತ ಊರು ಸಿಗಲಿಲ್ಲ. ಕಾಡಿನಂಚಿಗೆ ಚದುರಿ ಹೋದರು, ಜಮೀನಿನ ಹಕ್ಕಿಗಾಗಿ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹೋರಾಡುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದ ಹಳ್ಳಿಗಳು ಲಾಂಚ್ ನಂಬಿ ಬದುಕಿದವು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಬಂದಾಗ ಆ ಜನರ ಊರಿನ ಭಾವ ಮತ್ತೊಮ್ಮೆ ಬದಲಾಯಿತು, ಈ ಸಲ ಒಳ್ಳೆಯದಕ್ಕೆ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬಹುದು ಅನ್ನುವುದು ಊರನ್ನು ಪ್ರೀತಿಸಲು ಬೇಕಾದ ಮೊದಲ ಸವಲತ್ತು. ಶರಾವತಿಯವರು ಆರು ದಶಕ ಕಾದರು ಅನ್ನುವುದನ್ನು ಕೃಷ್ಣೆಯ ದಂಡೆಯಲ್ಲಿ ನೆನಪಿಡಬೇಕು.

ಈಗ ಮುಂದಿನ ಹಂತದ ವಿಷಯಕ್ಕೆ ಬರೋಣ. ಆಲಮಟ್ಟಿ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಿಂದ 130 ಟಿಎಂಸಿ ನೀರು, ಉತ್ತರ ಕರ್ನಾಟಕದ 5.94 ಲಕ್ಷ ಹೆಕ್ಟೇರ್‌ಗೆ ನೀರಾವರಿ ಅನ್ನುವುದು ಸರ್ಕಾರದ ಗುರಿ. ಬರ ಕಂಡ ನೆಲಕ್ಕೆ ಆ ನೀರು ಬೇಕೇ ಬೇಕು. ಬಾಗಲಕೋಟೆಯವರೂ ಇದಕ್ಕೆ ಅಡ್ಡ ಬಂದವರಲ್ಲ, ಸರಿಯಾಗಿ ಮಾಡಿ ಅಂತ ಕೇಳಿದವರು. ಮೊದಲ ಹಂತಗಳು ನಡೆದದ್ದು ಬಹುಪಾಲು 1894ರ ಹಳೆಯ ಭೂಸ್ವಾಧೀನ ಕಾಯ್ದೆಯ ಕೆಳಗೆ. ಈಗ ಇರುವುದು 2014ರ ಜನವರಿಯಿಂದ ಜಾರಿಯಾದ 2013ರ ಕಾಯ್ದೆ. ಅದರಲ್ಲಿ ಓಣಿಯನ್ನು ಉಳಿಸಲು ಬಳಸಬಹುದಾದ ಕೆಲವು ದಾರಿಗಳಿವೆ, ಮತ್ತು ಅವುಗಳ ಬಗ್ಗೆ ಮಾತು ಕಡಿಮೆ ನಡೆಯುತ್ತಿದೆ.

ಮೊದಲನೆಯದು ಯಾರು ಸಂತ್ರಸ್ತರು ಅನ್ನುವ ಪ್ರಶ್ನೆ. ಈ ಕಾಯ್ದೆಯಲ್ಲಿ ಮನೆ, ಜಮೀನಿನ ಮಾಲೀಕರ ಜೊತೆಗೆ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಅಲ್ಲಿ ದುಡಿದು ಬದುಕಿದ ಬಾಡಿಗೆದಾರರು, ಕುಶಲಕರ್ಮಿಗಳು, ಕೂಲಿಕಾರರ ಕುಟುಂಬಗಳೂ ಬಾಧಿತ ಕುಟುಂಬಗಳೇ. ಹಳೆಯ ಪಟ್ಟಣದ ದರ್ಜಿ, ಚಮ್ಮಾರ, ತಳ್ಳುಗಾಡಿಯವರಿಗೆ ಹೆಸರಿನಲ್ಲಿ ಗೋಡೆ ಇಲ್ಲದಿದ್ದರೂ ಗಿರಾಕಿಗಳಿದ್ದಾರೆ. ಗಿರಾಕಿಗಳು ಚದುರಿದರೆ ಅವರ ಬದುಕು ಹೋಗುತ್ತದೆ. ಬಾಧಿತ ಕುಟುಂಬಗಳ ಸಮೀಕ್ಷೆಯಲ್ಲಿ ಇವರ ಹೆಸರು ಬರಬೇಕಾದರೆ ಓಣಿಯವರೇ ಕೂತು ಪಟ್ಟಿ ಮಾಡಬೇಕು. ಹೊರಗಿನಿಂದ ಬಂದ ಸಮೀಕ್ಷಕನಿಗೆ ಬಾಗಿಲು ಕಾಣುತ್ತದೆ, ಬಾಗಿಲ ಮುಂದೆ ಮೂವತ್ತು ವರ್ಷ ಕೂತವನು ಕಾಣುವುದಿಲ್ಲ.

ಎರಡನೆಯದು ಸಮಯ. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆ ಆಸ್ತಿಯನ್ನು ಮಾರುವಂತಿಲ್ಲ, ಸಾಲಕ್ಕೆ ಅಡ ಇಡುವಂತಿಲ್ಲ. ಹಾಗಾಗಿ ಅಧಿಸೂಚನೆ ಹೊರಡಿಸಿ ಹಣ ಇಲ್ಲ ಅಂತ ಕೂತರೆ ಓಣಿಯನ್ನು ಮತ್ತೆ ಮೊದಲಿನ ಹಾಗೆ ನೇತು ಹಾಕಿದಂತೆ. ಅಧಿಸೂಚನೆಯಿಂದ ಘೋಷಣೆಗೆ, ಘೋಷಣೆಯಿಂದ ಐತೀರ್ಪಿಗೆ, ಅಂದರೆ ಪರಿಹಾರ ಎಷ್ಟು ಅನ್ನುವ ಆದೇಶಕ್ಕೆ, ಹನ್ನೆರಡು ಹನ್ನೆರಡು ತಿಂಗಳ ಗಡುವು ಕಾಯ್ದೆಯಲ್ಲಿದೆ. ನೀರಾವರಿ ಯೋಜನೆಗಳಲ್ಲಿ ಮುಳುಗಡೆಗೆ ಆರು ತಿಂಗಳ ಮೊದಲೇ ಪುನರ್ವಸತಿ ಮುಗಿದಿರಬೇಕು ಅಂತಲೂ ಇದೆ. ಹಣ ಕೈಯಲ್ಲಿದ್ದಷ್ಟು ಭಾಗಕ್ಕೆ ಮಾತ್ರ ಅಧಿಸೂಚನೆ ಹೊರಡಿಸಿ, ಆ ಭಾಗವನ್ನು ಪೂರ್ತಿ ಮುಗಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುವುದು ಒಳ್ಳೆಯದು. ಆ ಭಾಗಗಳನ್ನು ಎತ್ತರದ ಗೆರೆಯ ಪ್ರಕಾರ ಮಾಡದೆ ಓಣಿಯ ಪ್ರಕಾರ ಮಾಡಬೇಕು. ಓಣಿಯ ಅರ್ಧಕ್ಕಿಂತ ಹೆಚ್ಚು ಮನೆ ಗೆರೆಯ ಕೆಳಗಿದ್ದರೆ, ಮೇಲಿನ ಮನೆಯವರು ಒಪ್ಪಿದರೆ, ಇಡೀ ಓಣಿಯನ್ನು ಒಂದೇ ಹಂತದಲ್ಲಿ ತೆಗೆದುಕೊಳ್ಳಬಹುದು. ಹತ್ತಿಪ್ಪತ್ತು ಮನೆ ಜಾಸ್ತಿಯಾಗಬಹುದು. ಸಾವಿರಾರು ಕೋಟಿಯ ಯೋಜನೆಯಲ್ಲಿ ಅದು ದೊಡ್ಡ ಹೊರೆಯಲ್ಲ.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಪರಿಶಿಷ್ಟ ಪಂಗಡದ ಕುಟುಂಬಗಳನ್ನು ಸ್ಥಳಾಂತರ ಮಾಡುವಾಗ, ಸಾಧ್ಯವಾದಷ್ಟು ಒಟ್ಟಾಗಿ, ಒಂದೇ ಕಡೆ ನೆಲೆ ಮಾಡಿಸಬೇಕು, ಅವರ ಭಾಷೆ, ಸಂಸ್ಕೃತಿ ಉಳಿಯಬೇಕು ಅಂತ ಇದೇ ಕಾಯ್ದೆ ಹೇಳುತ್ತದೆ. ಕೂಡಿ ಬದುಕುವುದಕ್ಕೆ ಬೆಲೆ ಇದೆ ಅಂತ ಕಾನೂನು ಈಗಾಗಲೇ ಒಪ್ಪಿದ ಹಾಗಾಯಿತು. ಅದನ್ನು ಪಟ್ಟಣದ ಓಣಿಗಳಿಗೂ ಸ್ವಂತ ನಿರ್ಧಾರದಿಂದ ಬಳಸಲು ರಾಜ್ಯಕ್ಕೆ ಯಾರ ಅಡ್ಡಿಯೂ ಇಲ್ಲ. ಹಳೆಯ ಜಾತಿ ಓಣಿಗಳನ್ನೇ ಮತ್ತೆ ಕಟ್ಟಿದಂತಾಗುವುದಿಲ್ಲವೇ ಅನ್ನುವ ಆತಂಕ ನಿಜವಾದದ್ದು. ಅದಕ್ಕೇ ಆಯ್ಕೆ ಕುಟುಂಬಗಳದ್ದಾಗಿರಬೇಕು, ಓಣಿಯ ಮುಖಂಡರದ್ದಲ್ಲ. ಐದಾರು ಕುಟುಂಬಗಳು ಸೇರಿ ಒಂದು ಗುಂಪಾಗಿ ಅಕ್ಕಪಕ್ಕದ ನಿವೇಶನ ಕೇಳುವ ಅವಕಾಶ ಇರಲಿ. ಒಂಟಿಯಾಗಿ ಬೇರೆ ಕಡೆ ಹೋಗಬೇಕು ಅನ್ನುವವರಿಗೂ ಅಷ್ಟೇ ಸುಲಭ ಇರಲಿ. ಒಂದೇ ಸಾಲಿನಲ್ಲಿ ಸಣ್ಣ ದೊಡ್ಡ ಅಳತೆಯ ನಿವೇಶನಗಳು ಬೆರೆತಿರಲಿ, ಆಗ ಹಣದ ಮೇಲೂ ಜಾತಿಯ ಮೇಲೂ ಸಾಲುಗಳು ಒಡೆಯುವುದು ಕಡಿಮೆಯಾಗುತ್ತದೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಇಲಾಖೆಯೂ ಬೇಕಿಲ್ಲ. ನಿವೇಶನದ ಅರ್ಜಿಯಲ್ಲಿ ಮನೆಯ ಅಳತೆ, ಕಟ್ಟಡದ ಬಗೆ, ಕುಟುಂಬದ ಸದಸ್ಯರ ಕಾಲಂಗಳ ಕೆಳಗೆ ಇನ್ನೊಂದು ಕಾಲಂ ಸೇರಿಸಬೇಕು: ಯಾವ ಕುಟುಂಬಗಳ ಪಕ್ಕದಲ್ಲಿ ಇರಲು ಬಯಸುತ್ತೀರಿ? ಎರಡೂ ಕಡೆಯವರು ಒಬ್ಬರನ್ನೊಬ್ಬರು ಬರೆದಿದ್ದರೆ ಹಂಚುವಾಗ ಅವರನ್ನು ಒಟ್ಟಿಗೆ ಇಡಬೇಕು. ಹೊಸ ಬಡಾವಣೆಯ ನಕ್ಷೆ ಅಂತಿಮವಾಗುವ ಮೊದಲೇ ಈ ಅರ್ಜಿಗಳು ಪ್ರಾಧಿಕಾರದ ಕೈ ಸೇರಬೇಕು, ಯಾಕಂದರೆ ನಕ್ಷೆಗೆ ಸಹಿ ಬಿದ್ದ ಮೇಲೆ ಬಂದ ಬೇಡಿಕೆಗೆ ಜಾಗ ಇರುವುದಿಲ್ಲ. ಹೊಸ ಬಡಾವಣೆಯಲ್ಲಿ ಬೀದಿಗಳಿಗೆ ಹೆಸರಿಡುವಾಗ ನಂಬರ್ ಜೊತೆಗೆ ಕಿಲ್ಲಾ, ಹಳಪೇಟೆ ಅನ್ನುವ ಹೆಸರುಗಳನ್ನೂ ಬರೆಯಬೇಕು. ಬಂಡಿ ತಿರುಗುವಷ್ಟು ಅಗಲದ ಒಂದು ಚೌಕವನ್ನು ಪ್ರತಿ ಭಾಗದಲ್ಲೂ ಖಾಲಿ ಬಿಡಬೇಕು, ಮತ್ತು ಅದನ್ನು ಮುಂದೆ ಯಾವ ಕಟ್ಟಡಕ್ಕೂ ಕೊಡುವುದಿಲ್ಲ ಅಂತ ನಕ್ಷೆಯಲ್ಲೇ ಬರೆದಿಡಬೇಕು.